ಹೊಳೆಗಿಳಿವ ಹೆಂಗಸ್ರಿಗೆ ಪ್ಲಾಸ್ಟಿಕ್ ಚೀಲ ಬೇಡ

ಅಕ್ಕಂದಿರೇ, ಅತ್ತಿಗೆಯರೇ, ಈ ಸರ್ತಿ ಹಪ್ಪಳ ಸಂಡಿಗೆ ಸುದ್ದಿ ಇಲ್ಲ, ಜಗಳದ ಸುದ್ದಿ ಇತ್ತ್. ಬರುವ ಆದಿತ್ಯವಾರ ನಮ್ಮ ಸಂಘದ ಮೀಟಿಂಗಲ್ಲಿ, ಹೊಳೆಗೆ ಚಿಪ್ಪು ಹೆಕ್ಕುಕೆ ಹೋಪ ಹನ್ನೆರಡು ಜನರಿಗೆ ವೇಡರ್ ತಕಂಬ ಅಂದೇಳಿ ಮಾತು ಬಪ್ಪುದಿತ್ತ್. ವೇಡರ್ ಅಂದ್ರೆ ಗೊತ್ತಿಲ್ದಿದ್ದವರಿಗೆ ಹೇಳ್ತೆ: ಬೂಟೂ ಪ್ಯಾಂಟೂ ಒಂದೇ ಆಗಿ, ಎದೆ ತನಕ ಬಂದು, ಹೆಗಲಿಗೆ ಪಟ್ಟಿ ಹಾಕಿ ನಿಲ್ಲಿಸುವ, ನೀರು ಒಳಗೆ ಬಾರದ ಉಡುಪು. ಪೇಟೆ ಅಂಗಡಿಯವ ಹನ್ನೆರಡೂ ಒಟ್ಟಿಗೆ ತಕಂಡ್ರೆ ಒಂದಕ್ಕೆ 1,600 ರೂಪಾಯಿಗೆ ಕೊಡ್ತೆ ಅಂದಿದ್ದ ಅಂಬ್ರ್. ಹಸಿರು ಬಣ್ಣದ ದಪ್ಪ ಪ್ಲಾಸ್ಟಿಕ್. ನಾನ್ ಬೇಡ ಅಂಬವಳ್. ಎಂತಕೆ ಬೇಡ ಅಂಬುದನ್ನ ಮೀಟಿಂಗಲ್ಲಿ ಪೂರಾ ಹೇಳುಕೆ ಆಪುದಿಲ್ಲ, ಚಾ ಬಂದ ಕೂಡ್ಲೆ ಎಲ್ಲರೂ ಏಳ್ತ್ರ್. ಅದ್ಕೆ ಇಲ್ಲಿ ಬರಿತೆ.

ಹಾಂಗಂತ "ಕಾಲಿಗೆ ಎಂತದೂ ಬೇಡ, ನಮ್ಮ ಅಮ್ಮ, ಅಜ್ಜಿ ಎಲ್ಲ ಬರಿಗಾಲಲ್ಲೇ ಇಳಿದ್ರ್" ಅಂಬವರ ಪಕ್ಷವೂ ನಂದಲ್ಲ. ಅಮ್ಮ ಬರಿಗಾಲಲ್ಲಿ ಇಳಿದದ್ದು ಹೌದು. ಅವಳ ಹಿಮ್ಮಡಿ ಕಂಡವರಿದ್ರೆ ಆ ಮಾತು ಬಾಯಿಗೆ ಬಪ್ಪುದಿಲ್ಲ. ನಮ್ಮ ದೊಡ್ಡತ್ತಿಗೆ ವಿಷಯ ನಿಮಗೆಲ್ಲ ಗೊತ್ತಿತ್ತ್. ಸಕ್ಕರೆ ಕಾಯಿಲೆ ಇದ್ದಿತ್, ಪಾದದಲ್ಲಿ ಸ್ಪರ್ಶ ಕಮ್ಮಿ ಆಗಿತ್ತ್. ಚಿಪ್ಪು ಕೊರೆದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಮೂರನೇ ದಿನ ಬಾತು ಕೀವಾಯ್ತ್, ಕಡಿಗೆ ಕಿರುಬೆರಳೇ ತೆಗೆದ್ರ್. ಬೆಚ್ಚಗಿನ ಉಪ್ಪುನೀರಲ್ಲಿ ಗಾಯಕ್ಕೆ ಸೇರುವ ರೋಗಾಣು ಇರ್ತ್, ಸಕ್ಕರೆ ಕಾಯಿಲೆ, ಲಿವರ್ ಕಾಯಿಲೆ ಇಪ್ಪವರಿಗೆ ಅದು ಬಾಕಿಯವರಿಗಿಂತ ಜೋರಾಗಿ ಹಿಡಿತ್. ನಮ್ಮ ಹನ್ನೆರಡು ಜನರಲ್ಲಿ ನಾಲ್ಕು ಜನ ಸಕ್ಕರೆ ಮಾತ್ರೆ ತಿಂಬವರೇ ಇದ್ರ್. ಕಾಲಿಗೆ ಬೇಕು, ಖಂಡಿತ ಬೇಕು. ಜಗಳ ಇಪ್ಪುದು ಎಂತದ್ದು ಬೇಕು ಅಂಬುದ್ರಲ್ಲಿ.

ಅಂಗಡಿಯಲ್ಲಿ ಮೂರು ಜಾತಿ ವೇಡರ್ ಸಿಕ್ಕುತ್ತ್. ಒಂದು ಈ ಪಿವಿಸಿ ಪ್ಲಾಸ್ಟಿಕಿನದ್ದು. ಇನ್ನೊಂದು ನಿಯೋಪ್ರೀನ್ ಅಂಬ ಸ್ಪಂಜಿನ ರಬ್ಬರಿಂದು. ಸಮುದ್ರದ ಅಡಿಗೆ ಮುಳುಗುವವರು ಹಾಕ್ತ್ರಲ್ಲ, ಅದೇ. ಮೈ ಬೆಚ್ಚಗೆ ಇಡುಕೆ ಮಾಡಿದ್ದು. ನಮಗೆ ಬೆಚ್ಚಗೆ ಆಯ್ಕಾ? ಅದನ್ನ ಅಲ್ಲೇ ಬಿಡುವ. ಮೂರನೇದಕ್ಕೆ ಬ್ರೀದಬಲ್ ಅಂತ್ರ್, ಉಸಿರಾಡುವ ಬಟ್ಟೆ. ನೈಲಾನ್ ಬಟ್ಟೆಯ ನಡುವೆ ಒಂದು ಬಹಳ ತೆಳು ಪೊರೆ ಇರ್ತ್. ನೀರಿನ ಹನಿ ಅದರಿಂದ ಒಳಗೆ ಬಪ್ಪುದಿಲ್ಲ, ಮೈಯ ಬೆವರಿನ ಹಬೆ ಮಾತ್ರ ಹೊರಗೆ ಹೋತ್ತ್.

ನಮ್ಮ ಹಳೇ ಮನೆ ಹಂಚಿನ ಮಾಡು ನೆನಪು ಮಾಡ್ಕಣಿ. ಎಷ್ಟು ಮಳೆ ಬಂದ್ರೂ ಸೋರುದಿಲ್ಲ, ಆದ್ರೆ ಒಲೆ ಹೊಗೆ ಹಂಚಿನ ಸಂದಿಯಲ್ಲಿ ಹೊರಗೆ ಹೋತ್ತ್. ಉಸಿರಾಡುವ ಬಟ್ಟೆ ಅಂದ್ರೆ ಹಂಚಿನ ಮಾಡು. ಪಿವಿಸಿ ಅಂದ್ರೆ ಕಿಟಕಿ ಇಲ್ದಿಪ್ಪ ತಾರಸಿ ಅಡುಗೆಮನೆ. ನಮ್ಮ ಹಿರಿಯರ ಗೊರಬೂ ಹಾಂಗೆ ಅಲ್ದಾ? ಬಿದಿರಿನ ಕಡ್ಡಿ, ಎಲೆ, ಬೆನ್ನಿಗೆ ಮಳೆ ತಾಗುದಿಲ್ಲ, ಎದುರು ಪೂರಾ ತೆರೆದಿರ್ತ್, ಗಾಳಿ ಆಡ್ತ್. ಅದನ್ನ ಬಿಟ್ಟು ಗೊಬ್ಬರದ ಪ್ಲಾಸ್ಟಿಕ್ ಕೊಪ್ಪೆ ಹಾಕಿ ನೆಟ್ಟಿಗೆ ಹೋದವರಿಗೆ ಮಧ್ಯಾಹ್ನದ ಒಳಗೆ ರವಿಕೆ ಹಿಂಡುವಷ್ಟು ಬೆವರು. ಮಳೆಗೆ ಒದ್ದೆ ಆಪುದು ತಪ್ಪಿತ್, ಬೆವರಿಗೆ ಒದ್ದೆ ಆಪುದು ಬಂತ್.

ಈಗ ಅದೇ ಪ್ಲಾಸ್ಟಿಕನ್ನ ಸೊಂಟದಿಂದ ಕೆಳಗೆ ಸುತ್ತಿ, ಬೇಸಿಗೆ ಇಳತದಲ್ಲಿ ಮೂರು ನಾಲ್ಕು ಗಂಟೆ ಬಗ್ಗಿ ನಿಲ್ಲಿ ಅಂದ್ರೆ ಹ್ಯಾಂಗೆ? ಏಪ್ರಿಲ್ ತಿಂಗಳಲ್ಲಿ ನಮ್ಮ ಗಂಗೊಳ್ಳಿ ಅಳಿವೆ ಬದಿ ನೀರೇ 28, 30 ಡಿಗ್ರಿ ಬಿಸಿ. ಒಳಗಿನದ್ದು ಎಂತ ಆತ್ತ್ ಅಂದೇಳಿ ಇಡ್ಲಿ ಅಟ್ಟದ ಮುಚ್ಚಳ ತೆಗೆದು ಕಂಡವರಿಗೆ ಹೇಳ್ಕಾ? ತೊಡೆ ಸಂದಿ ಬೆವರುಸಾಲೆ, ತುರಿಕೆ, ಬಿಳಿ ಸೆರಗು ಇಪ್ಪವರಿಗೆ ಇನ್ನೂ ಕಷ್ಟ. ನಮ್ಮ ನಮ್ಮಲ್ಲೇ ಹೇಳ್ಕಂಬ ಮಾತು, ಇದು ಅಂಗಡಿಯವನಿಗೂ ಗೊತ್ತಿಲ್ಲ, ಸಂಘಕ್ಕೆ ಸಲಹೆ ಕೊಟ್ಟ ಗಂಡಸ್ರಿಗೂ ಗೊತ್ತಿಲ್ಲ. ಅವರು ಮೂತ್ರ ಬಂದ್ರೆ ತೆಂಗಿನ ಮರದ ಬುಡ ಕಾಣ್ತ್ರ್. ನಾವು ಹೆಗಲ ಪಟ್ಟಿ ಬಿಚ್ಚಿ, ಎದೆಯಿಂದ ಮೊಣಕಾಲಿನ ತನಕ ಇಡೀ ಚೀಲ ಜಾರಿಸಿ, ಹೊಳೆ ನಡುವಿನ ಮರಳ ದಿಬ್ಬದ ಮೇಲೆ ಎಲ್ಲಿ ಕೂಕಣ್ಕ್? ಆಪುದಿಲ್ಲ ಅಂದೇಳಿ ಬೆಳಿಗ್ಗೆಯಿಂದ ನೀರು ಕುಡಿಯದೆ ಹೋತ್ರ್. ಆ ಬಿಸಿಲಲ್ಲಿ, ಆ ಬೆವರಲ್ಲಿ ನೀರು ಕುಡಿಯದೆ! ಮತ್ತೆ ಉರಿಮೂತ್ರ ಅಂದೇಳಿ ಬಾರ್ಲಿ ನೀರು ಕುದಿಸುದು ಯಾರು?

ಬಾಳಿಕೆ ಅಂಬ್ರ್. ದಪ್ಪ ಇದ್ದದ್ದೆಲ್ಲ ಬಾಳಿಕೆ ಬಪ್ಪುದಿಲ್ಲ ಹೆಣ್ಣೇ. ಪಿವಿಸಿ ಬಿಸಿಲಿಗೆ ಗಡುಸಾತ್ತ್, ಮಡಚಿಟ್ಟ ಗೀರಲ್ಲೇ ಬಿರುಕು ಬಿಡ್ತ್. ಎರಡು ಕಾಲು ಸೇರುವ ಕಡೆ ಬಿಸಿ ಮಾಡಿ ಅಂಟಿಸಿದ ಜೋಡಣೆ ಇರ್ತ್. ನಾವು ನಿಂತು ಗಾಳ ಹಾಕುವವರಲ್ಲ, ಸಾವಿರ ಸರ್ತಿ ಬಗ್ಗಿ ಏಳುವವರು. ಮೊದಲು ಬಿಡುದು ಅಲ್ಲೇ. ಒಳಗೆ ಒದ್ದೆ ಆದ್ರೆ ಅದು ಬೆವರಾ, ತೂತಾ ಅಂಬುದೂ ಗೊತ್ತಾಪುದಿಲ್ಲ. ಬೂಟು ಅದಕ್ಕೇ ಅಂಟಿ ಬಂದಿರ್ತ್, ಬೂಟಿನ ಅಡಿಗೆ ಚಿಪ್ಪು ಹೊಕ್ಕಿದ್ರೆ ಇಡೀ ವೇಡರ್ ಹಿತ್ತಲಿಗೆ. ಮತ್ತೆ ಆ ಬೂಟು ಗಂಡಸ್ರ ಅಳತೆ, ಎಂಟು ಒಂಬತ್ತರಿಂದ ಶುರು. ನಮ್ಮಲ್ಲಿ ಐದನೇ ನಂಬ್ರಿನ ಕಾಲೇ ಜಾಸ್ತಿ. ಕೆಸರಲ್ಲಿ ಕಾಲು ಮೇಲೆ ಬತ್ತ್, ಬೂಟು ಅಲ್ಲೇ ಉಳಿತ್.

ಇದೆಲ್ಲಕ್ಕಿಂತ ನಂಗೆ ಹೆದರಿಕೆ ಇಪ್ಪುದು ಇನ್ನೊಂದು ವಿಷಯಕ್ಕೆ. ಎದೆ ಮೇಲಿಂದ ನೀರು ಒಳಗೆ ಹೋದ್ರೆ ವೇಡರ್ ಅಡಿಗೆ ಎಳಿತ್ ಅಂದೇಳಿ ಹೇಳ್ತ್ರ್. ಅದು ಪೂರಾ ಸರಿ ಅಲ್ಲ, ನೀರಿನ ಒಳಗೆ ನೀರಿಗೆ ಭಾರ ಇಲ್ಲ, ಕೊಡ ಬಾವಿಯ ಒಳಗೆ ಹಗುರ ಇಪ್ಪ ಹಾಂಗೆ. ಆದ್ರೆ ಕೊಡ ನೀರಿಂದ ಮೇಲೆ ಬಂದ ಕೂಡ್ಲೆ ರಟ್ಟೆಗೆ ಗೊತ್ತಾತ್ತ್ ಅಲ್ದಾ? ಹಾಂಗೇ, ದಡ ಹತ್ತುಕೆ ಆಪುದಿಲ್ಲ, ಸೆಳೆತದಲ್ಲಿ ಹೆಜ್ಜೆ ಕಿತ್ತಿಡುಕೆ ಆಪುದಿಲ್ಲ. ಅದ್ಕೆ ಒಳ್ಳೇ ವೇಡರಿಗೆ ಸೊಂಟಕ್ಕೆ ಬಿಗಿ ಬೆಲ್ಟ್ ಇರ್ತ್, ಬಿದ್ರೂ ನೀರು ಒಂದೇ ಸರ್ತಿ ಕಾಲಿಗೆ ಇಳಿಯದ ಹಾಂಗೆ. ಈ 1,600 ರೂಪಾಯಿದಕ್ಕೆ ಬೆಲ್ಟೇ ಇಲ್ಲ, ನಾನೇ ಹೋಗಿ ಕಂಡು ಬಂದಿದ್ದೆ. ಮರಳು ತೆಗೆದ ಗುಂಡಿ ನಮ್ಮ ಹೊಳೆಯಲ್ಲಿ ಎಲ್ಲೆಲ್ಲಿ ಇತ್ತ್ ಅಂದೇಳಿ ನಿಮ್ಮಲ್ಲಿ ಯಾರಾದ್ರೂ ಪೂರಾ ಬಲ್ಲಿರಾ? ಮೊಣಕಾಲು ನೀರಿಂದ ಒಂದು ಹೆಜ್ಜೆ ಹಾಕಿದ್ರೆ ಕುತ್ತಿಗೆ ನೀರು. ಭರತ ಶುರುವಾದ ಮೇಲೆ ಬೇಗ ಬೇಗ ಬಪ್ಪ ಹೊತ್ತಲ್ಲೇ ಹಾಂಗಾಪುದು.

ಹಾಂಗಾದ್ರೆ ಆ ದುಬಾರಿ ಉಸಿರಾಡುವ ವೇಡರನ್ನೇ ತಕಂಬ ಅಂದ್ರ್ ನಮ್ಮ ಕೆಳಮನೆ ಸೊಸೆ. ಅವಳ ಮನಸ್ಸು ಒಳ್ಳೇದು, ಹೆಂಗಸ್ರಿಗೂ ಒಳ್ಳೇದೇ ಸಿಕ್ಕಲಿ ಅಂಬುದು. ಆದ್ರೆ ಅದೂ ನಮ್ಮ ಬೇಸಿಗೆ ಹೊಳೆಗೆ ಅಲ್ಲ. ಹಬೆ ಹೊರಗೆ ಹೋಯ್ಕಾದ್ರೆ ಹೊರಗೆ ತಂಪೂ ಒಣಗೂ ಇರ್ಕ್. ಆಸಾಡಿ ಮಳೆಯಲ್ಲಿ ಹಂಚಿನ ಸಂದಿಯ ಹೊಗೆ ಸಹ ಮೇಲೇಳದೆ ಮನೆಯೊಳಗೇ ಸುತ್ತುದಿಲ್ಯಾ? ಹೊರಗೂ ಬಿಸಿ, ಹೊರಗೂ ತೇವ ಇದ್ರೆ ಆ ಪೊರೆ ಎಂತ ಮಾಡ್ತ್? ನಮ್ಮ ತಂಗಿ ಮಗ ನಾರ್ವೆಯಲ್ಲಿ ಹತ್ತು ಡಿಗ್ರಿ ಆಸುಪಾಸಿನ ಹೊಳೆಯಲ್ಲಿ ನಿಂತು ಸಾಲ್ಮನ್ ಮೀನಿಗೆ ಗಾಳ ಹಾಕ್ತ. ಅಲ್ಲಿ ಅದಿಲ್ದಿದ್ರೆ ಕಾಲು ಮರಗಟ್ಟಿ ಹೋತ್ತ್. ಅವನಿಗೆ ಅದು ಬೇಕೇ ಬೇಕು.

ನಮ್ಮಲ್ಲಿ ಅದು ಬೇಕಾದವರು ಇಲ್ಲ ಅಂದೇಳಿ ಅಲ್ಲ. ಪುಷ್ಯ ಮಾಘದ ರಾತ್ರಿ ಕೆಂಬೇರಿಗೆ ಗಾಳ ಹಾಕಿ ಅಲ್ಲಾಡದೆ ನಿಂತುಕಂಬವರು ಇದ್ರ್, ಅವರ ಮನೆಯವರಿಗೆ ನಾಲ್ಕು ಮಾತು ಹೇಳ್ತೆ. ಎದೆ ತನಕ ಬೇಡ, ಸೊಂಟದ್ದು ಸಾಕು, ಬೆಲೆಯೂ ಕಮ್ಮಿ, ಸೊಂಟಕ್ಕಿಂತ ಮೇಲೆ ನೀರಿಪ್ಪಲ್ಲಿ ರಾತ್ರಿ ನಿಂಬುದೇ ಬೇಡ. ಬೂಟು ಅಂಟಿದ್ದು ಬೇಡ, ಕಾಲುಚೀಲ ಮಾತ್ರ ಅಂಟಿ ಬೂಟು ಬೇರೆ ಇಪ್ಪುದು ತಕಣಿ, ಬೂಟು ಸವೆದ್ರೆ ಬೂಟು ಮಾತ್ರ ಹೊಸತು. ಮೊಣಕಾಲಿನ ಕೆಳಗೆ ಬಟ್ಟೆ ಮಡಿಕೆ ಜಾಸ್ತಿ ಇತ್ತಾ, ಒಳಗೆ ಹೊಲಿಗೆ ಮೇಲೆ ಟೇಪು ಪೂರಾ ಕೂತಿತ್ತಾ ಅಂದೇಳಿ ಕೈಯಾಡಿಸಿ ಕಾಣಿ. ಬಂದ ಕೂಡ್ಲೆ ಸಿಹಿನೀರಲ್ಲಿ ತೊಳೆದು, ಒಳಗೂ ಹೊರಗೂ ನೆರಳಲ್ಲಿ ನೇತು ಹಾಕ್ಕ್, ಉಪ್ಪೂ ಕೆಸರೂ ಕೂತ ಬಟ್ಟೆ ಉಸಿರಾಡುದಿಲ್ಲ. ಸೂಜಿಮೊನೆಯಷ್ಟು ತೂತು ಹುಡುಕುಕೆ ಒಳಮೈ ಹೊರಗೆ ಮಾಡಿ ಔಷಧಿ ಅಂಗಡಿ ಸ್ಪಿರಿಟ್ ಚಿಮುಕಿಸಿದ್ರೆ ತೂತಿದ್ದಲ್ಲಿ ಕಪ್ಪು ಚುಕ್ಕಿ ಕಾಣ್ತ್, ಅಲ್ಲಿಗೆ ಅಂಟು ಹಾಕಿದ್ರೆ ಆಯ್ತ್. ಬೆಲೆ ಹತ್ತು ಸಾವಿರ ದಾಟ್ತ್. ಕೊಡುವವರು ಕೊಡಲಿ, ನನ್ನ ತಕರಾರಿಲ್ಲ.

ನಮ್ಮ ಹನ್ನೆರಡು ಜನರಿಗೆ ನಾನ್ ಹೇಳುದು ಬೇರೆ. ಬೆಚ್ಚಗಿನ ನೀರಲ್ಲಿ ಒದ್ದೆ ಆಪುದು ತೊಂದರೆ ಅಲ್ಲವೇ ಅಲ್ಲ. ತೊಂದರೆ ಇಪ್ಪುದು ಕಾಲು ಕೊಯ್ಯುದ್ರಲ್ಲಿ, ಮರಳು ತಿಕ್ಕುದ್ರಲ್ಲಿ, ಒದ್ದೆ ಸೀರೆ ಕಾಲಿಗೆ ಸುತ್ತಿ ಬೀಳುದ್ರಲ್ಲಿ. ಅದ್ಕೆ ನೀರು ಒಳಗೆ ಬಂದು ಹೊರಗೆ ಹೋಪಂಥದ್ದು ಬೇಕು. ಬೇಗ ಒಣಗುವ ಪಾಲಿಯೆಸ್ಟರ್ ಲೆಗ್ಗಿಂಗ್, ಹತ್ತಿದಲ್ಲ, ಹತ್ತಿ ನೀರು ಕುಡಿದು ಭಾರ ಆತ್ತ್. ಮೇಲೆ ಮೊಣಕಾಲಿನ ತನಕ ನೈಟಿ ಅಥವಾ ಮನೆಯವರ ಹಳೇ ಅಂಗಿ. ಕಾಲಿಗೆ ನಿಯೋಪ್ರೀನ್ ಸಾಕ್ಸ್, ಅದರ ಮೇಲೆ ಲೇಸು ಕಟ್ಟುವ ಬೆರಳು ಮುಚ್ಚಿದ ಕ್ಯಾನ್ವಾಸ್ ಬೂಟು, ಕೈಗೆ ರಬ್ಬರ್ ಅಂಟಿಸಿದ ಕೆಲಸದ ಗ್ಲೌಸ್. ಪೇಟೆಯಲ್ಲಿ ವಿಚಾರಿಸಿ, ಬಾಕಿದ್ದನ್ನ ಮಗಳ ಮೊಬೈಲಲ್ಲಿ ಕಂಡು ಬರ್ಕಂಡಿದ್ದೆ: ಲೆಗ್ಗಿಂಗ್ 300, ಸಾಕ್ಸ್ 700, ಬೂಟು 400, ಗ್ಲೌಸ್ 80. ಒಟ್ಟು 1,480. ಆ ಪ್ಲಾಸ್ಟಿಕ್ ಚೀಲಕ್ಕಿಂತ 120 ರೂಪಾಯಿ ಕಮ್ಮಿ, ಯಾವುದು ಹರಿತ್ತೋ ಅದನ್ನ ಮಾತ್ರ ಬದಲು ಮಾಡಿದ್ರೆ ಸಾಕು. ಮೂತ್ರಕ್ಕೆ ಕೂಕಂಬುಕೂ ಆತ್ತ್.

ಗದ್ದೆ ಕೆಲಸಕ್ಕೆ ಇದು ಸಾಲುದಿಲ್ಲ, ಅದೊಂದು ಬೇರೆ ಹೇಳ್ಕ್. ಮಳೆಗಾಲದ ಗದ್ದೆ ನೀರು, ತೋಡಿನ ನೀರು ಸಿಹಿನೀರು. ಇಲಿ ಮೂತ್ರ ಸೇರಿದ ನೀರಿಂದ ಕಾಲಿನ ಗಾಯಕ್ಕೆ, ನೆನೆದು ಬಿಳಚಿದ ಚರ್ಮಕ್ಕೆ ಇಲಿಜ್ವರ ಹತ್ತುದು ಅಲ್ಲೇ. ಅಲ್ಲಿಗೆ ನೀರು ಹೋಗದ ಉದ್ದ ಗಮ್‌ಬೂಟೇ ಆಯ್ಕ್, ಬೆವರಿದ್ರೂ ಅಡ್ಡಿಲ್ಲ, ಗಂಟೆಗೊಂದು ಸರ್ತಿ ತೆಗೆದು ಕಾಲು ಒರೆಸಿದ್ರಾತ್ತ್. ಉಪ್ಪುನೀರಿನ ಹೊಳೆಗೂ ಸಿಹಿನೀರಿನ ಗದ್ದೆಗೂ ಒಂದೇ ಮದ್ದು ಅಂದೇಳಿ ಮಾರುವವನನ್ನ ನಂಬಬೇಡಿ.

ಇನ್ನು ಆ ಮಾತು. ಜಗಲಿಯಲ್ಲಿ ಕೂತ ಹಿರಿಯರೊಬ್ಬರು ಅಂದ್ರ್, "ಹೆಂಗಸ್ರಿಗೆ ಇದೆಲ್ಲ ಎಂತಕೆ, ಎರಡು ತಾಸಿನ ಕೆಲಸ." ಅವರ ಮನೆಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಬೋಟು ಕಡಲಿಗಿಳಿಯದ 61 ದಿನ ಅಕ್ಕಿ ಬಂದದ್ದು ಎಲ್ಲಿಂದ ಅಂದೇಳಿ ನಂಗೆ ಗೊತ್ತಿತ್ತ್, ಅವರ ಹೆಂಡ್ತಿ ಬೇಸಿಗೆ ಇಡೀ ಚಿಪ್ಪು ಮಾರಿ ಕೂಡಿಟ್ಟ ಡಬ್ಬಿಯಿಂದ. ಅವರ ರೇನ್‌ಕೋಟಿಗೆ, ಬೀಸುಬಲೆಗೆ, ತಲೆಗೆ ಕಟ್ಟುವ ಲೈಟಿಗೆ ದುಡ್ಡು ಬೇಕು ಅಂದಾಗ ಯಾರೂ ಎಂತಕೆ ಅಂದೇಳಿ ಕೇಂಡದ್ದಿಲ್ಲ. ನಾವೂ ಕೇಂಬುದಿಲ್ಲ. ನಮ್ಮಲ್ಲೇ ಅರ್ಧ ಜನ "ನಂಗೆ ಬೇಡ, ಮಗನಿಗೆ ಆತ್ತ್" ಅಂದೇಳಿ ಬೂಟಿನ ಅಳತೆ ಎಂಟು ಬರೆಸುವವರು. ಸಂಘದ ಪಟ್ಟಿಯಲ್ಲಿ ಆ ಎಂಟನೇ ನಂಬ್ರು ಕಂಡ್ರೆ ನಾನ್ ಅಲ್ಲೇ ಎದ್ದು ಕೇಂಬವಳೇ, ಹೇಳಿದ್ದೆ.

ಶನಿವಾರದ ಒಳಗೆ ಎಲ್ಲರೂ ಕಾಲಿನ ಅಳತೆ ಕೊಡ್ಕ್. ಬೆಳಿಗ್ಗೆ ತೆಗೀಬೇಡಿ, ಸಾಯಂಕಾಲ ಕೆಲಸ ಎಲ್ಲ ಮುಗಿದು ಪಾದ ಸಲ್ಪ ಬಾತಾಗ, ದಪ್ಪ ಸಾಕ್ಸ್ ಹಾಕಿ ಕಾಗದದ ಮೇಲೆ ನಿಂತು ಪೆನ್ಸಿಲಲ್ಲಿ ಗೀರಿ. ಎರಡೂ ಕಾಲಿಂದು. ಕಾಗದದ ಮೂಲೆಯಲ್ಲಿ ನಿಮ್ಮ ಹೆಸರು ಬರೀರಿ, ಮಗನದ್ದಲ್ಲ.