ಸ್ಕ್ರೀನಿಗೆ ಬೇಕು ಅರ್ಧ ಮಿಲಿಮೀಟರ್ ಜಾಗ

ಹೊಸ ಲ್ಯಾಪ್‌ಟಾಪಿನ ಮುಚ್ಚಳ ಮೊದಲ ಸಲ ಎತ್ತಿದಾಗ ಕೀಬೋರ್ಡಿನ ಮೇಲೆ ತೆಳ್ಳನೆಯ ಬಿಳಿ ಹಾಳೆಯೊಂದು ಹಾಸಿರುತ್ತದೆ. ಕೆಲವು ಕಂಪನಿಗಳದ್ದು ಮೆತ್ತನೆಯ ಫೋಮು, ಕೆಲವರದ್ದು ಕಾಗದದಂಥದ್ದು. ಅದನ್ನು ತೆಗೆದು ಡಬ್ಬದ ಜೊತೆ ಅಟ್ಟಕ್ಕೆ ಹಾಕುತ್ತೇವೆ, ಇಲ್ಲವೇ ಕಸಕ್ಕೆ. ಇನ್ನೂ ಯಾರೂ ಮುಟ್ಟದ ಶುಭ್ರವಾದ ಕೀಗಳು ಕೂಡ ಕಾರ್ಖಾನೆಯಿಂದ ಅಂಗಡಿಗೆ ಬರುವಷ್ಟರಲ್ಲಿ ಸ್ಕ್ರೀನಿಗೆ ತಾಗಬಾರದೆಂದು ತಯಾರಕರು ಅದನ್ನು ಇಟ್ಟಿರುತ್ತಾರೆ. ಆಮೇಲೆ ನಾಲ್ಕೈದು ವರ್ಷ ಅದೇ ಯಂತ್ರ ಬೆರಳಿನ ಜಿಡ್ಡು, ರಸ್ತೆಯ ಧೂಳು, ಬ್ಯಾಗಿನ ಒತ್ತಡ ಎಲ್ಲವನ್ನೂ ಎದುರಿಸಬೇಕು. ಆಗ ಸ್ಕ್ರೀನಿಗೂ ಕೀಗಳಿಗೂ ನಡುವೆ ಏನೂ ಇರುವುದಿಲ್ಲ. ಗುರುತು ಬಿದ್ದರೆ ಬಳಸಿದವರ ತಪ್ಪು ಅನ್ನಿಸಿಕೊಳ್ಳುತ್ತದೆ. ಇದು ನ್ಯಾಯವಲ್ಲ ಎಂಬುದು ನನ್ನ ತಕರಾರು.

ಆ ಗುರುತು ಎಲ್ಲರೂ ನೋಡಿದ್ದೇ. ಸ್ಕ್ರೀನ್ ಆರಿದ್ದಾಗ ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಕೀಗಳ ಚೌಕಗಳು ಸಾಲುಸಾಲಾಗಿ ಕಾಣುತ್ತವೆ. ನಡುವೆ ಸ್ಪೇಸ್‌ಬಾರಿನ ಉದ್ದ ಗೆರೆ, ಅದರ ಮೇಲೆ ಟಚ್‌ಪ್ಯಾಡಿನ ಅಂಚು. ಥಿಂಕ್‌ಪ್ಯಾಡ್ ಇಟ್ಟುಕೊಂಡವರಿಗೆ ಕೆಂಪು ಗುಂಡಿ ಒತ್ತಿದ ಚುಕ್ಕೆ ಕೂಡ ಪರಿಚಿತ. ಸ್ಕ್ರೀನ್ ಕೊಳೆಯಾಗಿದೆ ಅಂದುಕೊಂಡು ಒರೆಸುತ್ತೇವೆ, ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ಅದೇ ಗೆರೆ ಮತ್ತೆ ಮೂಡುತ್ತದೆ. ಕೊಳೆ ಹುಟ್ಟುವುದು ಕೆಳಗೆ, ಕೀಗಳ ಮೇಲೆ. ಮುಚ್ಚುವ ಮೊದಲು ಒರೆಸಬೇಕಾದ್ದು ಕೀಬೋರ್ಡನ್ನು.

ಅಂಗೈಯಲ್ಲಾಗಲಿ ಬೆರಳ ತುದಿಯ ಒಳಬದಿಯಲ್ಲಾಗಲಿ ಎಣ್ಣೆ ಸುರಿಸುವ ಗ್ರಂಥಿಗಳೇ ಇಲ್ಲ. ಅಲ್ಲಿರುವುದು ಬೆವರಿನ ಗ್ರಂಥಿಗಳು ಮಾತ್ರ. ಕೀಗಳಿಗೆ ಮೆತ್ತುವ ಜಿಡ್ಡು ಹಣೆ, ಮೂಗು, ತಲೆಗೂದಲಿನಿಂದ ಬೆರಳಿಗೆ ಹತ್ತಿದ್ದು. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವ ಮನೆಗಳಲ್ಲಿ, ಸಂಜೆ ಚುರುಮುರಿ ತಿನ್ನುತ್ತಲೇ ಟೈಪ್ ಮಾಡುವ ಹಾಸ್ಟೆಲ್‌ಗಳಲ್ಲಿ ಇದು ಇನ್ನಷ್ಟು ಬೇಗ ಕೂಡುತ್ತದೆ. ಮುಚ್ಚಿದ ಯಂತ್ರವನ್ನು ಬ್ಯಾಗಿನಲ್ಲಿ ತುರುಕಿ ಮುಚ್ಚಳದ ಮೇಲೆ ಭಾರ ಬಿದ್ದಾಗ ಮುಚ್ಚಳ ನಡುವೆ ಒಂದಿಷ್ಟು ಬಾಗುತ್ತದೆ. ಅಂಚಿನ ರಬ್ಬರು ಅಂಚನ್ನಷ್ಟೇ ಕಾಯುತ್ತದೆ, ನಡುವನ್ನು ಕಾಯುವವರು ಯಾರೂ ಇಲ್ಲ.

ಜಿಡ್ಡು ಮಾತ್ರವಾದರೆ ಚಿಂತೆಯಿಲ್ಲ, ಒರೆಸಿದರೆ ಹೋಗುತ್ತದೆ. ಕಷ್ಟ ಇರುವುದು ಧೂಳಿನಲ್ಲಿ. ಜಿಡ್ಡಿಗೆ ಧೂಳು ಅಂಟುತ್ತದೆ, ಧೂಳಿನಲ್ಲಿ ಸ್ಫಟಿಕಶಿಲೆಯ ಸಣ್ಣ ಕಣಗಳಿರುತ್ತವೆ. ಗಡಸುತನದ ಮೋಸ್ ಅಳತೆಯಲ್ಲಿ ಆ ಕಣ 7, ಸಾಮಾನ್ಯ ಗಾಜು ಸುಮಾರು 5.5. ಅಗ್ಗದ ಮತ್ತು ಮಧ್ಯಮ ಬೆಲೆಯ ಮ್ಯಾಟ್ ಸ್ಕ್ರೀನುಗಳ ಮೇಲಂತೂ ಸಾಮಾನ್ಯವಾಗಿ ಗಾಜೇ ಇರುವುದಿಲ್ಲ, ನಮ್ಮ ಬೆರಳಿಗೆ ಸಿಗುವುದು ಪ್ಲಾಸ್ಟಿಕ್ ಪದರ. ಬೈಕಿನ ಮೇಲೆ ಹೊಸೂರು ರಸ್ತೆಯ ಗುಂಡಿ ಹಾರಿಸಿಕೊಂಡು ಹೋಗುವ ಒಂದು ಗಂಟೆ, ಆ ಧೂಳು ಹತ್ತಿದ ಕೀಬೋರ್ಡು ಮರಳು ಕಾಗದದ ಹಾಗೆ ಸ್ಕ್ರೀನನ್ನು ಉಜ್ಜುತ್ತಲೇ ಇರುತ್ತದೆ.

ಗಾಜಿನ ಸ್ಕ್ರೀನ್ ಇದ್ದವರೂ ಸುರಕ್ಷಿತರಲ್ಲ. ಬೆಳಕು ಕನ್ನಡಿಯಂತೆ ಹೊಳೆಯದಿರಲಿ ಎಂದು ಗಾಜಿನ ಮೇಲೆ ಲೇಪ ಬಳಿದಿರುತ್ತಾರೆ. ಮೆಗ್ನೀಸಿಯಂ ಫ್ಲೋರೈಡಿನ ಲೇಪವಾದರೆ ಒಂದು ಪದರದ ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ತಲೆಗೂದಲಿನ ದಪ್ಪದ ನೂರಾರು ಪಾಲುಗಳಲ್ಲಿ ಒಂದು ಪಾಲು. ಅದು ಒಮ್ಮೆ ಸವೆದರೆ ಯಾವ ಬಟ್ಟೆಯೂ, ಯಾವ ದ್ರಾವಣವೂ ವಾಪಸ್ ತರಲಾರದು. ಆ್ಯಪಲ್ ಕಂಪನಿಯ ರೆಟಿನಾ ಮ್ಯಾಕ್‌ಬುಕ್‌ಗಳಲ್ಲಿ ಈ ಲೇಪ ತೇಪೆತೇಪೆಯಾಗಿ ಕಿತ್ತು ಬರತೊಡಗಿ, ಬಳಕೆದಾರರು ಒಟ್ಟಾಗಿ ದೂರಿದ ಮೇಲೆ, 2015ರ ಅಕ್ಟೋಬರಿನಲ್ಲಿ ಕಂಪನಿ ಉಚಿತ ದುರಸ್ತಿಗೆ ಒಪ್ಪಿತು. ಅವರು ಒಟ್ಟಾಗಿ ದೂರಿದ್ದಕ್ಕೆ ಸಿಕ್ಕ ನ್ಯಾಯ ಅದು. ಒಬ್ಬೊಬ್ಬರೇ ಸರ್ವಿಸ್ ಸೆಂಟರಿಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಇದು ಫಿಸಿಕಲ್ ಡ್ಯಾಮೇಜ್, ವಾರಂಟಿಯಲ್ಲಿ ಬರಲ್ಲ.’

ಇನ್ನೊಂದು ಅಪಾಯವನ್ನು ನಾವೇ ದುಡ್ಡು ಕೊಟ್ಟು ತರುತ್ತೇವೆ. ಲ್ಯಾಪ್‌ಟಾಪ್ ಕೊಂಡ ದಿನವೇ ಅಂಗಡಿಯವರು ಸಿಲಿಕೋನಿನ ಕೀಬೋರ್ಡ್ ಗಾರ್ಡ್ ಹಾಕಿಕೊಡುತ್ತಾರೆ, ಕ್ಯಾಮೆರಾಕ್ಕೆ ಸರಿಸುವ ಪ್ಲಾಸ್ಟಿಕ್ ಮುಚ್ಚಳ ಅಂಟಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಇವು ಇದ್ದಂತೆಯೇ ಮುಚ್ಚಿದರೆ, ಇದ್ದ ಅಲ್ಪ ಜಾಗವೂ ತುಂಬಿ ಸ್ಕ್ರೀನಿನ ಮೇಲೆ ನೇರ ಒತ್ತಡ ಬೀಳುತ್ತದೆ. ಕ್ಯಾಮೆರಾ ಮುಚ್ಚಳ ಇಟ್ಟು ಮ್ಯಾಕ್‌ಬುಕ್ ಮುಚ್ಚಿದರೆ ಡಿಸ್‌ಪ್ಲೇ ಒಡೆಯಬಹುದೆಂದು ಆ್ಯಪಲ್ 2020ರಲ್ಲಿ ಎಚ್ಚರಿಸಿತು. ಇರಲೇಬೇಕೆಂದರೆ ಅದು ಸಾಮಾನ್ಯ ಪ್ರಿಂಟರ್ ಕಾಗದಕ್ಕಿಂತ, ಅಂದರೆ 0.1 ಮಿಲಿಮೀಟರಿಗಿಂತ ದಪ್ಪ ಇರಬಾರದು ಎಂದಿತು. ಸಾವಿರಾರು ರೂಪಾಯಿಯ ಪ್ಯಾನೆಲ್ಲಿಗೂ ಅದನ್ನು ಒಡೆಯುವ ವಸ್ತುವಿಗೂ ನಡುವೆ ಉಳಿದಿರುವುದು ಒಂದು ಕಾಗದದ ದಪ್ಪ ಎಂಬುದನ್ನು ಆ ಎಚ್ಚರಿಕೆಯಿಂದಲೇ ತಿಳಿಯಬೇಕಾಯಿತು. ಕೊಳ್ಳುವಾಗ ಯಾರೂ ಹೇಳಿರಲಿಲ್ಲ.

ಹಾಗಾಗಿ ನಡುವೆ ಬಟ್ಟೆ ಹಾಸುವವರು ಎಚ್ಚರದಿಂದಿರಬೇಕು. ಕಂಪನಿ ಇಟ್ಟ ಮೂಲ ಹಾಳೆಯಷ್ಟೇ ತೆಳ್ಳಗಿರುವ ಮೈಕ್ರೋಫೈಬರ್ ಬಟ್ಟೆಯಾದರೆ ಸರಿ. ಅಡುಗೆಮನೆಯ ದಪ್ಪ ಟವೆಲ್ ಬೇಡ. ಆ ಬಟ್ಟೆಯನ್ನು ಆಗಾಗ ತೊಳೆದು ಒಣಗಿಸದಿದ್ದರೆ ಅದೇ ಧೂಳಿನ ಗೂಡಾಗುತ್ತದೆ. ಸಿಲಿಕೋನ್ ಗಾರ್ಡ್ ಬಳಸುವವರು ಮುಚ್ಚುವಾಗಲೆಲ್ಲ ತೆಗೆಯಿರಿ, ತೆಗೆಯಲು ಬೇಸರವಾದರೆ ಬಳಸಲೇಬೇಡಿ. ಬ್ಯಾಗಿನಲ್ಲಿ ಚಾರ್ಜರಿನ ಗಟ್ಟಿ ಇಟ್ಟಿಗೆ, ಊಟದ ಡಬ್ಬಿ, ನೀರಿನ ಬಾಟಲಿ ಮುಚ್ಚಳದ ಕಡೆಗೆ ಬರದಂತೆ, ಯಂತ್ರದ ತಳದ ಕಡೆಗೆ ಇರುವಂತೆ ಜೋಡಿಸಿ. ಇದಕ್ಕೆ ಕಾಸು ಖರ್ಚಿಲ್ಲ, ಎಲ್ಲಕ್ಕಿಂತ ಹೆಚ್ಚು ಪ್ರಯೋಜನವೂ ಇದರಿಂದಲೇ ಎಂದು ನನ್ನ ನಂಬಿಕೆ.

ಒರೆಸುವಾಗ ಯಂತ್ರ ಆಫ್ ಮಾಡಿ, ಬಟ್ಟೆಯನ್ನು ನೀರಿನಲ್ಲಿ ಸ್ವಲ್ಪವೇ ಒದ್ದೆ ಮಾಡಿ, ಧೂಳನ್ನು ಮೊದಲು ಹಗುರವಾಗಿ ತೆಗೆದು ಆಮೇಲೆ ಒರೆಸಿ. ಕಿಟಕಿ ಗಾಜಿಗೆ ಹೊಡೆಯುವ ಅಮೋನಿಯಾ ಬೆರೆತ ದ್ರಾವಣ, ಉಗುರು ಬಣ್ಣ ತೆಗೆಯುವ ಅಸಿಟೋನ್ ಸ್ಕ್ರೀನಿನ ಹತ್ತಿರವೂ ಬರಬಾರದು. ಒರೆಸಿದ ಮೇಲೆ ಗುರುತು ಹೋದರೆ ಅದು ಜಿಡ್ಡು. ಹೋಗದಿದ್ದರೆ ಮೇಲ್ಮೈ ಸವೆದಿದೆ, ಉಜ್ಜಿ ಉಜ್ಜಿ ಇನ್ನಷ್ಟು ಕೆಡಿಸಬೇಡಿ. ಸ್ಕ್ರೀನ್ ಆನ್ ಇರುವಾಗ ಬಿಳಿಯಾಗಿ ಹೊಳೆಯುವ ಚುಕ್ಕೆ ಕಂಡರೆ ಒಳಗಿನ ಪದರಕ್ಕೇ ಪೆಟ್ಟಾಗಿದೆ ಎಂದರ್ಥ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವ ವಿದ್ಯಾರ್ಥಿಗಳು ಈ ಮೂರನ್ನೂ ನೋಡಿಯೇ ಚೌಕಾಸಿಗೆ ಇಳಿಯಬೇಕು. ಮೊದಲು ಸ್ಕ್ರೀನ್ ಆರಿಸಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ಆಮೇಲೆ ಪೂರ್ತಿ ಬಿಳಿಯ ಪುಟ ತೆರೆದು ನೋಡಿ.

ಇಷ್ಟೆಲ್ಲ ಎಚ್ಚರಿಕೆ ಬಳಸುವವರ ತಲೆಗೇ ಬಂದದ್ದು ಹೇಗೆ? ಸ್ಕ್ರೀನನ್ನು ಕೀಬೋರ್ಡಿನ ಮೇಲೆ ಮಡಚುವ ವಿನ್ಯಾಸ 1982ರ ಗ್ರಿಡ್ ಕಂಪಾಸ್ ಯಂತ್ರದಿಂದಲೂ ಇದೆ. ಅಂದಿನದು ದಪ್ಪ ಪೆಟ್ಟಿಗೆ. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಕಚೇರಿಯ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ಎಳೆದು ತೋರಿಸಿದ ಮೇಲೆ ತೆಳುವಾಗುವುದೇ ಪೈಪೋಟಿಯಾಯಿತು. ಒಳಗಿನ ಬ್ಯಾಟರಿ, ಫ್ಯಾನುಗಳನ್ನು ಒಂದು ಮಿತಿಗಿಂತ ಕುಗ್ಗಿಸಲಾಗದು. ಮುಚ್ಚಳ ತೆಳುವಾಯಿತು, ಮುಚ್ಚಳಕ್ಕೂ ಕೀಗಳಿಗೂ ನಡುವಿನ ಜಾಗ ಕರಗಿತು.

ತೆಳ್ಳಗಿಲ್ಲದಿದ್ದರೆ ಜನ ಕೊಳ್ಳುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2019ರ 16 ಇಂಚಿನ ಮ್ಯಾಕ್‌ಬುಕ್ ಪ್ರೊ ದಪ್ಪ 16.2 ಮಿಲಿಮೀಟರ್ ಇತ್ತು, 2021ರಲ್ಲಿ ಬಂದದ್ದು 16.8. ತೂಕವೂ ಹೆಚ್ಚಿತ್ತು. ಬೇಕಾದ ಪೋರ್ಟುಗಳು ಮರಳಿ ಬಂದವೆಂದು, ಕೆಲಸಕ್ಕೆ ಒದಗುತ್ತದೆಂದು ಜನ ಖುಷಿಯಿಂದಲೇ ಕೊಂಡರು. 0.6 ಮಿಲಿಮೀಟರನ್ನು ಯಾರೂ ದೂರಲಿಲ್ಲ. ಅಷ್ಟೇ ಜಾಗವನ್ನು ಸ್ಕ್ರೀನಿಗೂ ಕೀಗಳಿಗೂ ನಡುವೆ ಬಿಟ್ಟರೆ ಯಾರ ಬೆನ್ನಿಗೂ ಭಾರವಾಗದು. ಡಬ್ಬದ ಮೇಲೆ ದಪ್ಪ, ತೂಕ ಅಚ್ಚು ಹಾಕುವ ಕಂಪನಿಗಳು ಮುಚ್ಚಿದಾಗ ಉಳಿಯುವ ಈ ಅಂತರವನ್ನೂ ಅಚ್ಚು ಹಾಕಲಿ. ತನ್ನದೇ ಕೀ ತಾಗಿ ಸವೆದ ಸ್ಕ್ರೀನನ್ನು ವಾರಂಟಿಯೊಳಗೆ ಬದಲಿಸಿಕೊಡಲಿ. ಒಂದೇ ಸಲಕ್ಕೆ ನೂರಾರು ಲ್ಯಾಪ್‌ಟಾಪ್ ಕೊಳ್ಳುವ ನಮ್ಮ ಐಟಿ ಕಂಪನಿಗಳು, ಕಾಲೇಜು ಮಕ್ಕಳಿಗೆ ಕೊಡಲು ಟೆಂಡರ್ ಕರೆಯುವ ಸರ್ಕಾರ ಈ ಎರಡು ಷರತ್ತುಗಳನ್ನು ಖರೀದಿ ಪತ್ರದಲ್ಲೇ ಬರೆಸಬೇಕು. ಒಬ್ಬೊಬ್ಬ ಗ್ರಾಹಕನ ಮಾತಿಗೆ ಬಗ್ಗದ ಕಂಪನಿಗಳು ಇವರ ಮಾತು ಕೇಳಲೇಬೇಕಾಗುತ್ತದೆ.