ಗೂಡಿನ ಮುಂದೆ ಕ್ಯಾಮೆರಾ ಬೇಡ



ಚೈತ್ರಮಾಸ ಕಾಲಿರಿಸಿತೆಂದರೆ ನನ್ನ ಮೊಬೈಲಿಗೆ ಚಿತ್ರಗಳು ಬರತೊಡಗುತ್ತವೆ. ಮಾವಿನ ಚಿಗುರು, ಹೊಂಗೆಯ ಹೂವು, ಕೆಂಗಣ್ಣಿನ ಕೋಗಿಲೆ. ದೂರದ ಊರುಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳು ಯುಗಾದಿಯ ಶುಭಾಶಯದೊಡನೆ ಇಂಥವನ್ನು ಕಳುಹಿಸಿದಾಗ ನನಗೆ ಹಿಗ್ಗು. ಆದರೆ ಅವುಗಳ ನಡುವೆ ಇತ್ತೀಚೆಗೆ ಇನ್ನೊಂದು ಬಗೆಯ ಚಿತ್ರ ಹೆಚ್ಚಾಗಿದೆ. ಗೂಡಿನೊಳಗೆ ಬಾಯ್ದೆರೆದು ಕುಳಿತ ಪುಕ್ಕವಿಲ್ಲದ ಮರಿಗಳು, ಕೊಕ್ಕಿನಲ್ಲಿ ಹುಳು ಹಿಡಿದ ತಾಯಿ, ಕೆಳಗೆ ‘ಮಾತೃವಾತ್ಸಲ್ಯ’ ಎಂಬ ಒಕ್ಕಣೆ. ಕಳುಹಿಸುವವರಲ್ಲಿ ನನ್ನ ಬಳಿ ಅಕ್ಷರ ತಿದ್ದಿದವರಿದ್ದಾರೆ, ನನ್ನ ಸೋದರಳಿಯಂದಿರೂ ಇದ್ದಾರೆ. ಅವರಿಗೆ ನೋವಾಗಬಹುದೆಂದು ಬಲ್ಲೆ. ಆದರೂ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ: ಆ ಚಿತ್ರಗಳನ್ನು ನಾನು ಮೆಚ್ಚಲಾರೆ. ಮೊಟ್ಟೆ ಮರಿಗಳಿರುವ ಗೂಡಿನ ಬಳಿಗೆ ಕ್ಯಾಮೆರಾ ಒಯ್ಯುವುದು ತಪ್ಪು. ಎಷ್ಟೇ ಸುಂದರವಾದ ಚಿತ್ರ ದೊರೆತರೂ ತಪ್ಪೇ.

ನಮ್ಮ ಹಿತ್ತಿಲಿನಲ್ಲಿ ನಿತ್ಯ ಕಾಣುವ ಕೆಮ್ಮೀಸೆ ಪಿಕಳಾರವನ್ನೇ ತೆಗೆದುಕೊಳ್ಳಿ. ತಲೆಯ ಮೇಲೆ ಕಪ್ಪು ಜುಟ್ಟು, ಕೆನ್ನೆಯ ಮೇಲೆ ಕೆಂಪು ಬೊಟ್ಟು. ಆಳೆತ್ತರವೂ ಇಲ್ಲದ ಪೊದೆಯಲ್ಲಿ ಬಟ್ಟಲಿನಂಥ ಗೂಡು ಕಟ್ಟಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಸುಮಾರು 12 ದಿನ ಕಾವು, ಮರಿ ಗೂಡು ಬಿಡಲು ಹೆಚ್ಚುಕಡಿಮೆ ಇನ್ನು ಅಷ್ಟೇ ದಿನ. ತಿಂಗಳೂ ತುಂಬದ ಈ ಸಂಸಾರಕ್ಕೆ ಕಾಗೆ, ಕೆಂಬೂತ, ಹಾವುಗಳೆಲ್ಲ ಶತ್ರುಗಳು. ಇವೆಲ್ಲವುಗಳಿಂದ ಅದನ್ನು ಕಾಯುವುದು ಸುತ್ತಲಿನ ನಾಲ್ಕು ಎಲೆಗಳ ಮರೆ ಮಾತ್ರ. ಚಿತ್ರ ತೆಗೆಯುವವನಿಗೆ ಅಡ್ಡಿಯಾಗುವುದೂ ಆ ನಾಲ್ಕು ಎಲೆಗಳೇ! ಅವನು ಒಂದು ರೆಂಬೆಯನ್ನು ಬಾಗಿಸಿ ಕಟ್ಟುತ್ತಾನೆ, ಇನ್ನೊಂದನ್ನು ಮುರಿಯುತ್ತಾನೆ. ಬೆತ್ತಲೆ ಮರಿಗಳಿಗೆ ತಮ್ಮ ಮೈಯ ಶಾಖವನ್ನು ತಾವೇ ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಬೇಸಗೆಯ ಬಿಸಿಲು ನೇರವಾಗಿ ಬಿದ್ದರೆ ಅವು ತಾಳಲಾರವು. ತಾಯಿಹಕ್ಕಿಯಂತೂ ಮನುಷ್ಯ ಕದಲುವವರೆಗೆ ಹತ್ತಿರ ಸುಳಿಯದೆ ದೂರದ ಕೊಂಬೆಯಲ್ಲಿ ಕುಳಿತು ಕೂಗುತ್ತಿರುತ್ತದೆ.

ಇದು ಪುಸ್ತಕ ನೋಡಿ ಹೇಳುವ ಮಾತಲ್ಲ. ನಮ್ಮ ಬೀದಿಯ ಒಂದು ಮನೆಯ ದಾಸವಾಳದ ಗಿಡದಲ್ಲಿ ಪಿಕಳಾರದ ಗೂಡಿತ್ತು. ಸುದ್ದಿ ತಿಳಿದು ಇಬ್ಬರು ತರುಣರು ಉದ್ದನೆಯ ಲೆನ್ಸುಗಳನ್ನು ಹೊತ್ತು ಬಂದರು. ಒಳ್ಳೆಯ ಹುಡುಗರೇ, ನನಗೆ ನಮಸ್ಕರಿಸಿ, ಹಕ್ಕಿಯ ಹೆಸರನ್ನೂ ಸರಿಯಾಗಿ ಹೇಳಿದರು. ಬೇಡವೆಂದು ನಾನು ಹೇಳಿದ ಮಾತಿಗೆ ನಕ್ಕು, “ಎರಡೇ ನಿಮಿಷ ಸರ್” ಎಂದರು. ಎರಡು ನಿಮಿಷ ಎರಡು ಗಂಟೆಯಾಯಿತು. ಹೋಗುವಾಗ ರೆಂಬೆ ಕಟ್ಟಿದ್ದ ದಾರವನ್ನು ಬಿಚ್ಚಲೂ ಇಲ್ಲ. ಮರುದಿನ ಬೆಳಗ್ಗೆ ಗೂಡು ಒಂದು ಪಕ್ಕಕ್ಕೆ ವಾಲಿ ಬರಿದಾಗಿತ್ತು. ಒಯ್ದದ್ದು ಕಾಗೆಯೋ ಕೆಂಬೂತವೋ, ನೋಡಿದವರಿಲ್ಲ. ಬಾಗಿಲು ತೆರೆದಿಟ್ಟವರನ್ನು ಮಾತ್ರ ಎಲ್ಲರೂ ನೋಡಿದ್ದೆವು. ಆ ಹುಡುಗರ ಚಿತ್ರ ಹಲವರ ಮೆಚ್ಚುಗೆ ಗಳಿಸಿತೆಂದು ಆಮೇಲೆ ಕೇಳಿದೆ.

ಮೊಬೈಲಿನಲ್ಲಿ ಹಕ್ಕಿಯ ಧ್ವನಿ ಮೊಳಗಿಸಿ ಅದನ್ನು ಎದುರಿಗೆ ಕರೆಸಿಕೊಳ್ಳುವುದು ಇನ್ನೊಂದು ಚಾಳಿ. ಮಡಿವಾಳ ಹಕ್ಕಿ ವಸಂತದ ಮುಂಜಾವಿನಲ್ಲಿ ಹಾಡುವುದು ನಮ್ಮ ಕಿವಿಗೆ ಇಂಪಾಗಲೆಂದಲ್ಲ. ಸಂಗಾತಿಯನ್ನು ಕರೆಯಲು, ಈ ಎಲ್ಲೆ ನನ್ನದೆಂದು ಸಾರಲು. ಪೊದೆಯೊಳಗಿನಿಂದ ಅದೇ ಹಾಡು ಕೇಳಿಸಿದರೆ ಎದುರಾಳಿ ನುಗ್ಗಿದನೆಂದು ಬಗೆದು ಅದು ಹುಳು ಹುಡುಕುವುದನ್ನು ಬಿಟ್ಟು, ಇಲ್ಲದ ಶತ್ರುವಿನ ಮೇಲೆ ಯುದ್ಧಕ್ಕೆ ಬರುತ್ತದೆ. ಕ್ಯಾಮೆರಾದವನಿಗೆ ಹತ್ತಿರದ ಚಿತ್ರ ಸಿಗುತ್ತದೆ. ಇದನ್ನು ಕಲೆ ಎನ್ನುವುದಾದರೆ ವಂಚನೆಗೆ ಬೇರೆ ಹೆಸರು ಹುಡುಕಬೇಕು.

“ತೇಜಸ್ವಿಯವರೂ ಹಕ್ಕಿಗಳ ಚಿತ್ರ ತೆಗೆಯಲಿಲ್ಲವೇ?” ಎಂದು ಒಬ್ಬ ಶಿಷ್ಯ ಕೇಳಿದ್ದಾನೆ. ತೆಗೆದರು. ಮೂಡಿಗೆರೆಯ ಆ ಮಹನೀಯರಿಂದ ಹಕ್ಕಿಗಳತ್ತ ಕಣ್ಣು ತಿರುಗಿಸಿದ ಕನ್ನಡಿಗರು ಅಸಂಖ್ಯ. ಆದರೆ ಫಿಲ್ಮಿನ ಕಾಲವನ್ನು ಇಂದಿನ ಕಾಲದೊಡನೆ ಹೋಲಿಸುವುದು ಸಲ್ಲದು. ಒಂದು ರೋಲಿನಲ್ಲಿ 36 ಚಿತ್ರಗಳು, ಪ್ರತಿಯೊಂದಕ್ಕೂ ಹಣ. ಅಂದಿನ ಉಪಕರಣಗಳಲ್ಲಿ ಚಂಚಲವಾದ ಹಕ್ಕಿಯನ್ನು ಸೆರೆಹಿಡಿಯುವುದು ದುಸ್ಸಾಧ್ಯವಾದ್ದರಿಂದ, ಅದು ಮತ್ತೆ ಮತ್ತೆ ಬಂದೇ ಬರುವ ಗೂಡಿನೆದುರು ಮರೆ ಕಟ್ಟಿಕೊಂಡು ಕಾಯುವ ಪದ್ಧತಿ ದೇಶವಿದೇಶಗಳಲ್ಲೆಲ್ಲ ಇತ್ತು. ಆ ನೆಪವೂ ಈಗ ಉಳಿದಿಲ್ಲ. ಇಂದಿನ ಕ್ಯಾಮೆರಾ ಹಾರುವ ಹಕ್ಕಿಯ ಕಣ್ಣನ್ನೇ ಹುಡುಕಿ ಹಿಡಿಯುತ್ತದೆ, ಕ್ಷಣಕ್ಕೆ ಹತ್ತಿಪ್ಪತ್ತು ಚಿತ್ರ ತೆಗೆಯುತ್ತದೆ. ಅಂದು ಒಂದು ಊರಿಗೆ ಒಬ್ಬ ಛಾಯಾಗ್ರಾಹಕನಿದ್ದರೆ ಹೆಚ್ಚು. ಇಂದು ಗೂಡಿನ ವಿಳಾಸ ವಾಟ್ಸ್ಆ್ಯಪ್‌ನಲ್ಲಿ ಬಿತ್ತೆಂದರೆ ಭಾನುವಾರ ಸಾಲುಗಟ್ಟಿ ಬರುತ್ತಾರೆ.

ಇಂಥ ಚಿತ್ರ ನೋಡಿದವರಲ್ಲಿ ಪಕ್ಷಿಪ್ರೇಮ ಹುಟ್ಟುತ್ತದೆ ಎನ್ನುವವರಿದ್ದಾರೆ. ನನಗೆ ಕಂಡಂತೆ ನೋಡಿದವರಲ್ಲಿ ಮೊದಲು ಹುಟ್ಟುವುದು ತಾವೂ ಅಂಥದೇ ಒಂದು ಚಿತ್ರ ತೆಗೆಯಬೇಕೆಂಬ ಆಸೆ. ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದೊಳಗೆ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕದಡುವುದೂ ಸೇರಿದೆ. ಕೋವಿ ಹಿಡಿದವನಿಗೂ ರೆಂಬೆ ಬಾಗಿಸಿದವನಿಗೂ ಆ ಪುಟದಲ್ಲಿ ಒಂದೇ ಸಾಲು.

ಹಾಗೆಂದು ಕ್ಯಾಮೆರಾವನ್ನು ಕಪಾಟಿನಲ್ಲಿಡಿ ಎನ್ನುತ್ತಿಲ್ಲ. ನಿಮ್ಮ ಜಗುಲಿಯ ತಂತಿಗೆ ಸೂರಕ್ಕಿ ತಾನಾಗಿಯೇ ಬಂದು ಜೇಡರ ಬಲೆಯಿಂದ ಜೋಳಿಗೆ ನೇಯ್ದುಕೊಂಡಿದ್ದರೆ ಅದರ ಮಾತು ಬೇರೆ. ಅದು ನಿಮ್ಮ ಓಡಾಟವನ್ನು ಒಪ್ಪಿಯೇ ಬಂದಿದೆ. ಆಗಲೂ ಕಿಟಕಿಯ ಒಳಗಿನಿಂದ, ಫ್ಲ್ಯಾಶ್ ಇಲ್ಲದೆ ಒಂದೆರಡು ಚಿತ್ರ ತೆಗೆದು ಸುಮ್ಮನಾದರೆ ಸಾಕು. ಉಳಿದಂತೆ ವಸಂತದಲ್ಲಿ ನೋಡುವುದಕ್ಕೇನು ಬಡತನವೇ? ಗಂಡು ಓತಿಕ್ಯಾತ ತಲೆ ಕೊರಳು ಕೆಂಪೇರಿಸಿಕೊಂಡು ಬೇಲಿಗೂಟದ ಮೇಲೆ ಗರಡಿಮನೆಯ ಪೈಲ್ವಾನನಂತೆ ದಂಡ ಹೊಡೆಯುತ್ತಿರುತ್ತದೆ. ಬೂರುಗ, ಮುತ್ತುಗಗಳು ಹೂಬಿಟ್ಟಾಗ ಗೊರವಂಕ, ಪಿಕಳಾರ, ಕಾಜಾಣ, ಸೂರಕ್ಕಿಗಳಿಗೆಲ್ಲ ಅಲ್ಲೇ ಮದುವೆಯೂಟ; ಅಳಿಲು ಕರೆಯದೇ ಬಂದ ಅತಿಥಿ. ಅಂಗಳದಲ್ಲಿ ಒಂದು ಮಣ್ಣಿನ ಬೋಗುಣಿಗೆ ನೀರು ತುಂಬಿಟ್ಟು ಹತ್ತು ಮಾರು ದೂರ ಕುಳಿತರೆ ಬೆಳಗಿನ ಒಂದು ಗಂಟೆಯಲ್ಲಿ ಏಳೆಂಟು ಜಾತಿಯ ಹಕ್ಕಿಗಳು ಮಿಂದು ಹೋಗುತ್ತವೆ.

ಈ ವರ್ಷದಿಂದ ಗೂಡಿನ ಚಿತ್ರ ಕಳುಹಿಸಿದವರಿಗೆ ನಾನು ಉತ್ತರ ಬರೆಯುವುದಿಲ್ಲ; ಮುನಿಸೆಂದುಕೊಂಡರೆ ಹಾಗೆಯೇ ಆಗಲಿ. ಹೂವಿನ ಮೇಲಿನ ಸೂರಕ್ಕಿಯ ಚಿತ್ರ ಕಳುಹಿಸಿದವರಿಗೆ ಎರಡು ಪುಟದ ಪತ್ರ ಖಂಡಿತ. ರಜೆಗೆ ಊರಿಗೆ ಬರುವವರು ಕ್ಯಾಮೆರಾ ತನ್ನಿ. ನಮ್ಮ ಬೋಗುಣಿ ನುಗ್ಗೆಮರದ ಬುಡದಲ್ಲಿದೆ, ಜಗುಲಿಯಲ್ಲಿ ಎರಡು ಕುರ್ಚಿಗಳಿವೆ. ಆರೂವರೆಯೊಳಗೆ ಬಂದರೆ ಬೆಳಕೂ ಚೆನ್ನಾಗಿರುತ್ತದೆ, ಕಾಫಿಯೂ ಬಿಸಿಯಾಗಿರುತ್ತದೆ.