ನೋಡಿ ಕೊಯ್ಯುವುದು

“ತಮ್ಮಾ, ಡಾಕ್ಟರು ನೋಡಿ ಕೊಯ್ತಾರೇನೋ, ಕೊಯ್ದು ನೋಡ್ತಾರೇನೋ?”

ಪಿತ್ತಕೋಶದ ಕಲ್ಲಿಗಾಗಿ ಕೊಪ್ಪಳದಲ್ಲಿ ಶಸ್ತ್ರಚಿಕಿತ್ಸೆ ನಿಶ್ಚಯವಾದ ದಿನ, ಕುಷ್ಟಗಿಯ ನಮ್ಮ ಸೋದರತ್ತೆಯವರು ಕೇಳಿದ ಪ್ರಶ್ನೆಯಿದು. ಕನ್ನಡ ಪಾಠ ಹೇಳುವ ನಾನು ಉತ್ತರ ತಿಳಿಯದೆ ನಕ್ಕುಬಿಟ್ಟೆ. ಆಮೇಲೆ ಪುಸ್ತಕಗಳನ್ನು ತಿರುವಿದಾಗ, ಶಸ್ತ್ರವೈದ್ಯರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ ಎಂದು ತಿಳಿದು ನಾಚಿಕೆಯಾಯಿತು.

ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿಯ ಗದ್ದೆಗಳಿಗೆ ನೀರು ತರುವುದನ್ನು ವಾಚಕರು ಬಲ್ಲರು. ಯಕೃತ್ತಿನಿಂದ ಕರುಳಿಗೆ ಪಿತ್ತರಸವನ್ನು ಒಯ್ಯುವ ದೊಡ್ಡ ನಾಳವೂ ಅಂಥದೊಂದು ಕಾಲುವೆ. ಅದರಿಂದ ಕವಲೊಡೆದ ಕಿರುಗಾಲುವೆಯ ತುದಿಯಲ್ಲಿರುವ ಪುಟ್ಟ ಕೆರೆಯೇ ಪಿತ್ತಕೋಶ. ವೈದ್ಯರು ಕತ್ತರಿಸಬೇಕಾದುದು ಆ ಕಿರುಗಾಲುವೆಯನ್ನು ಮಾತ್ರ. ಆದರೆ ಉರಿಯೂತದಿಂದ ಎಲ್ಲವೂ ಅಂಟಿಕೊಂಡಿರುವಾಗ ದೊಡ್ಡದೇ ಚಿಕ್ಕದರಂತೆ ಕಾಣುವುದುಂಟು. ತಪ್ಪಿ ಅದನ್ನು ಕತ್ತರಿಸಿದರೆ ಪಿತ್ತ ಹೊಟ್ಟೆಯೊಳಗೆ ಸೋರೀತು, ಕಾಮಾಲೆ ಕಾಡೀತು, ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಸಾವಿರಕ್ಕೆ 2ರಿಂದ 5 ಮಂದಿಗೆ ಒದಗುವ ಅಪಾಯವಿದು. ಒದಗಿದವರಿಗೆ ಆ ಲೆಕ್ಕದಿಂದ ಸಮಾಧಾನವಿಲ್ಲ.

ಶಸ್ತ್ರಚಿಕಿತ್ಸೆಯ ನಡುವೆಯೇ ಪಿತ್ತನಾಳಗಳ ಚಿತ್ರ ತೆಗೆಯುವ ಕ್ರಮವನ್ನು 1931ರಲ್ಲಿ ಅರ್ಜೆಂಟೈನಾದ ಪಾಬ್ಲೊ ಮಿರಿಝಿ ಆರಂಭಿಸಿದರು. ಕಿರುನಾಳದೊಳಕ್ಕೆ ಸೂಕ್ಷ್ಮ ನಳಿಕೆ ತೂರಿಸಿ, ಕ್ಷ-ಕಿರಣದಲ್ಲಿ ಕಾಣುವ ದ್ರವವನ್ನು ಹಾಯಿಸಿದರೆ, ನಾಳಗಳೆಲ್ಲ ಮರದ ಕೊಂಬೆಗಳಂತೆ ಮೂಡುತ್ತವೆ. ಅಡಗಿದ ಕಲ್ಲೂ ಕಾಣುತ್ತದೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಕಿರುರಂಧ್ರಗಳ ಮೂಲಕ ಪಿತ್ತಕೋಶವನ್ನು ತೆಗೆದರು. 1990ರಲ್ಲಿ ಮುಂಬಯಿಯ ತೆಹಮ್ಟನ್ ಉದ್ವಾಡಿಯಾ ಆ ವಿದ್ಯೆಯನ್ನು ಭಾರತಕ್ಕೆ ತಂದರು. ಗಾಯ ಚಿಕ್ಕದಾಯಿತು, ಆದರೆ ಬೆರಳಿನಿಂದ ಮುಟ್ಟಿ ತಿಳಿಯುವ ಅವಕಾಶ ಹೋಯಿತು. ಆದುದರಿಂದಲೇ ಚಿತ್ರಕ್ಕೆ ಬೆಲೆ. ಈಗ ರಕ್ತನಾಳಕ್ಕೆ ಹಸಿರು ಬಣ್ಣವೊಂದನ್ನು ಚುಚ್ಚಿ, ವಿಶೇಷ ಬೆಳಕಿನಲ್ಲಿ ಪಿತ್ತನಾಳ ಹೊಳೆಯುವಂತೆ ಮಾಡುವುದೂ ಉಂಟು.

ಆದರೆ ಎಲ್ಲ ರೋಗಿಗಳಿಗೂ ಚಿತ್ರ ತೆಗೆಯುವ ವಾಡಿಕೆಯಿಲ್ಲ. ಯಂತ್ರವು ಎಲ್ಲ ಊರುಗಳಲ್ಲಿಯೂ ಇಲ್ಲ. ಅಂಥಲ್ಲಿ ಸಂಶಯ ಬಂದಾಗ ಕತ್ತರಿಯನ್ನು ತಡೆದು, ಬೇಕಾದರೆ ಹಳೆಯ ರೀತಿಯಲ್ಲಿ ಹೊಟ್ಟೆ ತೆರೆದು ನೋಡುವುದು ವೈದ್ಯರ ಸೋಲಲ್ಲ, ವಿವೇಕ. ಮನೆಯವರಾದ ನಾವು ಕೇಳಬೇಕಾದುದು ಗಾಯ ಎಷ್ಟು ಚಿಕ್ಕದೆಂದಲ್ಲ. ಸಂಶಯ ಬಂದರೆ ಏನು ಮಾಡುವಿರಿ ಎಂದು.

ಅತ್ತೆಯವರ ಶಸ್ತ್ರಚಿಕಿತ್ಸೆ ಹೇಳಿದ್ದಕ್ಕಿಂತ ಒಂದು ಗಂಟೆ ತಡವಾಯಿತು. ಹೊರಗೆ ಕುಳಿತ ನಮ್ಮ ಜೀವ ಹೋಗಿ ಬಂದಿತ್ತು. “ನಾಳ ಸ್ಪಷ್ಟವಾಗಿರಲಿಲ್ಲ, ಚಿತ್ರ ತೆಗೆಸಿದೆವು” ಎಂದರು ವೈದ್ಯರು.

ಎಚ್ಚರಗೊಂಡ ಅತ್ತೆಯವರಿಗೆ, “ನೋಡಿಯೇ ಕೊಯ್ದರಂತೆ” ಎಂದೆ.

“ಹಾಂಗಿದ್ರ ತಡ ಆಗಲಿ ಬಿಡು” ಎಂದು ಅವರು ಮತ್ತೆ ಕಣ್ಣು ಮುಚ್ಚಿದರು.